ಕೇಳುವ ಅಕ್ಷರ, ಕಾಣುವ ಅಕ್ಷರ: ಯಂತ್ರವಾಚನಕ್ಕೆ ಕನ್ನಡ ಪಠ್ಯವನ್ನು ಅಣಿಗೊಳಿಸುವ ಬಗೆ



ಕರಾವಳಿಯ ಶಿರ್ವ ಎಂಬ ಊರಿನ ಹೆಸರನ್ನು ಹಾಳೆಯ ಮೇಲೆ ಬರೆಯುವಾಗ ಕೈ ಯಾವ ಕ್ರಮದಲ್ಲಿ ಹೋಗುತ್ತದೆ ಎಂದು ಒಮ್ಮೆ ಗಮನಿಸಬೇಕು. ಮೊದಲು ಶಿ ಬರೆಯುತ್ತೇವೆ, ಆಮೇಲೆ ವ, ಕಡೆಯಲ್ಲಿ ವಕಾರದ ಬಲಕ್ಕೆ ಒಂದು ಅರ್ಕಾವತ್ತು. ಬಾಯಿಯ ದಾರಿ ಬೇರೆ. ಬಾಯಿಗೆ ಮೊದಲು ಬರುವುದು ರ್, ಆಮೇಲೆ ವ. ಕೈ ಮತ್ತು ಬಾಯಿ ಹೀಗೆ ಹಿಂದುಮುಂದಾಗಿ ನಡೆದರೂ ಇಷ್ಟು ಕಾಲ ನಮಗೆ ಅದರಿಂದ ಏನೂ ತೊಂದರೆಯಾಗಿರಲಿಲ್ಲ. ಓದುವವನಿಗೆ ಊರಿನ ಹೆಸರು ಗೊತ್ತಿತ್ತು.

ಗಣಕಕ್ಕೆ ಗೊತ್ತಿಲ್ಲ. ಯುನಿಕೋಡ್ ಸಂಕೇತ ಪದ್ಧತಿಯಲ್ಲಿ ಶಿರ್ವ ಎಂದರೆ ಶ, ಇಕಾರದ ಗುಣಿತ, ರ, ಹಲಂತ, ವ ಎಂಬ ಐದು ಸಂಕೇತಗಳ ಸಾಲು. ಅದು ಬಾಯಿಯ ಕ್ರಮ. ಆದರೆ ಎಷ್ಟೋ ಕಡತಗಳಲ್ಲಿ ಈ ಹೆಸರು ನಾಲ್ಕೇ ಸಂಕೇತಗಳಲ್ಲಿ ಮುಗಿದಿರುತ್ತದೆ: ಶ, ಇಕಾರ, ವ, ಮತ್ತು ಕನ್ನಡದ ಒಂಬತ್ತು. ಅರ್ಕಾವತ್ತಿಗೂ ಕನ್ನಡದ ಒಂಬತ್ತಕ್ಕೂ ರೂಪದಲ್ಲಿ ಅಂಥ ಅಂತರವಿಲ್ಲದ ಕಾರಣ ಟೈಪು ಮಾಡಿದವರು ಅದನ್ನೇ ಒತ್ತಿ ಮುಂದೆ ಹೋಗಿರುತ್ತಾರೆ. ಅಚ್ಚಿನಲ್ಲಿ ಅದು ‘ಶಿವ೯’ ಎಂದು ಕೂರುತ್ತದೆ, ಯಾರೂ ಮುಖ ಗಂಟಿಕ್ಕುವುದಿಲ್ಲ. ಅದನ್ನೇ ಮೊಬೈಲಿಗೆ ಕೊಟ್ಟು ಓದಿಸಿದರೆ ಧ್ವನಿ ‘ಶಿವ ಒಂಬತ್ತು’ ಎನ್ನುತ್ತದೆ. ಪಕ್ಕದ ಕಾರ್ಕಳ ‘ಕಾಕ೯ಳ’ವಾಗಿ ಟೈಪಾಗಿದ್ದರೆ ‘ಕಾಕ ಒಂಬತ್ತು ಳ’ ಆಗುತ್ತದೆ. ನಗು ಬರುವುದು ಸಹಜ. ಆದರೆ ಪರದೆಯನ್ನು ನೋಡಲಾಗದೆ ಕಿವಿಯಿಂದಲೇ ಓದುವ ವಿದ್ಯಾರ್ಥಿಯೊಬ್ಬನಿಗೆ ಅಲ್ಲಿ ಇರುವುದು ಯಾವ ಊರು ಎಂದು ತಿಳಿಯಲು ಬೇರೆ ದಾರಿಯೇ ಇಲ್ಲ.

ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅಕ್ಷರವನ್ನು ಶ್ರಾವಣ, ಚಾಕ್ಷುಷ ಎಂದು ಎರಡಾಗಿ ಕಂಡಿದ್ದಾನೆ. ಕಿವಿಗೆ ಕೇಳುವುದು ಒಂದು, ಕಣ್ಣಿಗೆ ಕಾಣುವುದು ಇನ್ನೊಂದು. ಆ ಗ್ರಂಥವನ್ನು ಕಿಟೆಲ್ ಸಂಪಾದಿಸಿದರು, 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂತು. ನಮ್ಮ ತರಗತಿಗಳಲ್ಲಿ ಈ ವಿಭಾಗ ಎರಡು ಅಂಕದ ಪ್ರಶ್ನೆಯಾಗಿ ಉಳಿದಿದೆ. ಅದು ಅದಕ್ಕಿಂತ ಹೆಚ್ಚಿನದು ಎಂದು ಈಗ ಗೊತ್ತಾಗುತ್ತಿದೆ. ಕಳೆದ ನಲವತ್ತು ವರ್ಷಗಳಲ್ಲಿ ಗಣಕದಲ್ಲಿ ನಾವು ಕೂಡಿಟ್ಟ ಕನ್ನಡದ ಬಹುಭಾಗ ಚಾಕ್ಷುಷ ಕನ್ನಡ. ಕಾಣಲು ಸರಿಯಾಗಿದ್ದರೆ ಸಾಕು ಎಂದು ಮಾಡಿದ್ದು. ಓದಿ ಹೇಳುವ ಯಂತ್ರ ಬಂದು ಅದನ್ನು ಶ್ರಾವಣಕ್ಕೆ ತಿರುಗಿಸಲು ಹೊರಟಾಗ ಒಳಗಿನ ಟೊಳ್ಳು ಕೇಳಿಸಿತು. ದೋಷವನ್ನು ನಾವು ಯಂತ್ರದ ಮೇಲೆ ಹೊರಿಸುತ್ತೇವೆ. ಬಹಳ ಕಡೆ ಅದು ಬರಹದ್ದು. ಹಾಗಾಗಿ ತಿದ್ದುವ ಹೊಣೆಯ ದೊಡ್ಡ ಪಾಲು ಬರೆಯುವವರದು, ಟೈಪಿಸುವವರದು, ಪ್ರಕಾಶಕರದು. ಈ ಉಪನ್ಯಾಸದ ವಾದ ಇಷ್ಟೇ. ಉಳಿದದ್ದು ಅದರ ವಿವರ, ಒಂದೆರಡು ಎಚ್ಚರಿಕೆ.

ಓದುವ ಯಂತ್ರ ಮಾಡುವ ಕೆಲಸದಲ್ಲಿ ಎರಡು ಹಂತಗಳಿವೆ. ಬರಹವನ್ನು ಬಾಯಿಮಾತಿನ ರೂಪಕ್ಕೆ ಬಿಡಿಸಿಕೊಳ್ಳುವುದು ಮೊದಲನೆಯದು. ಅಂಕಿಗಳನ್ನು ಪದಗಳಾಗಿಸುವುದು, ಸಂಕ್ಷೇಪಗಳನ್ನು ಅರಳಿಸುವುದು, ಯಾವ ಅಕ್ಷರಕ್ಕೆ ಯಾವ ಉಚ್ಚಾರ ಎಂದು ಗೊತ್ತುಮಾಡುವುದು ಎಲ್ಲವೂ ಅದರಲ್ಲಿ ಸೇರಿದೆ. ಹಾಗೆ ಬಿಡಿಸಿದ್ದಕ್ಕೆ ಧ್ವನಿ ಕೊಡುವುದು ಎರಡನೆಯದು. ಈ ಎರಡನೆಯ ಹಂತದಲ್ಲಿ ಆಗಿರುವ ಪ್ರಗತಿ ಬೆರಗು ಹುಟ್ಟಿಸುವಂಥದ್ದು. ಆಸ್ಟ್ರೇಲಿಯದ ಇಬ್ಬರು ದೃಷ್ಟಿಹೀನ ತರುಣರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ, ಪರದೆಯನ್ನು ಓದಿ ಹೇಳುವ ಉಚಿತ ತಂತ್ರಾಂಶದ ಜೊತೆ ಇಸ್ಪೀಕ್ ಎಂಬ ಧ್ವನಿ ಬರುತ್ತದೆ. ಅದು ಕನ್ನಡವನ್ನೂ ಓದುತ್ತದೆ, ಸ್ವರ ಮಾತ್ರ ಡಬ್ಬದೊಳಗಿಂದ ಬಂದಂತೆ. ಈಗಿನ ಯಂತ್ರಗಳು ಮನುಷ್ಯರ ಧ್ವನಿಮುದ್ರಣಗಳಿಂದ ಕಲಿತು ಮಾತಾಡುತ್ತವೆ, ಉಸಿರು ತೆಗೆದುಕೊಂಡಂತೆಯೂ ಕೇಳಿಸುತ್ತದೆ. ನನ್ನ ಮಟ್ಟಿಗೆ ಇಲ್ಲಿ ಒಂದು ಅಪಾಯವೂ ಇದೆ. ಡಬ್ಬದ ಧ್ವನಿ ತಪ್ಪಿದರೆ ಕೇಳುವವನಿಗೆ ಅನುಮಾನ ಬರುತ್ತಿತ್ತು. ಇಂಪಾದ ಧ್ವನಿ ಅದೇ ತಪ್ಪನ್ನು ಹರಿಕಥೆ ದಾಸರ ಧೈರ್ಯದಲ್ಲಿ ಹೇಳಿ ಮುಂದೆ ಹೋಗುತ್ತದೆ.

ಕನ್ನಡ ಬರೆದಂತೆ ಓದುವ ಭಾಷೆ, ನಮಗೆಲ್ಲಿಯ ತೊಂದರೆ ಎಂದು ಕೇಳುವವರಿದ್ದಾರೆ. ಈ ಅಭಿಮಾನದಲ್ಲಿ ಅರ್ಧ ಸತ್ಯವಿದೆ. ಬ್ರಹ್ಮ ಎಂದು ಬರೆದು ‘ಬ್ರಮ್ಹ’ ಎನ್ನುತ್ತೇವೆ, ಚಿಹ್ನೆ ಎಂದು ಬರೆದು ‘ಚಿನ್ಹೆ’ ಎನ್ನುತ್ತೇವೆ. ಜ್ಞಾನದ ಮೊದಲ ಅಕ್ಷರವನ್ನು ಜಕಾರದಿಂದ ಆರಂಭಿಸುವವರು ನಮ್ಮಲ್ಲಿ ಸಿಗುವುದು ಅಪರೂಪ. ಫಲ, ಫೋನ್ ಎರಡನ್ನೂ ಒಂದೇ ಫಕಾರದಲ್ಲಿ ಬರೆದು ಎರಡು ಬಗೆಯಲ್ಲಿ ಓದುತ್ತೇವೆ. ಬೇರ್ಪಡಿಸಲು ಕೆಳಗೆ ಚುಕ್ಕಿಗಳಿಡುವ ಏರ್ಪಾಡು ಇದ್ದರೂ ಇಡುವವರು ಕಡಿಮೆ. ಆದರೂ ಇವೆಲ್ಲ ಸಣ್ಣ ಸಂಗತಿಗಳು, ನಿಯಮ ಕೊಟ್ಟರೆ ಯಂತ್ರ ಕಲಿಯುತ್ತದೆ. ಹೆಚ್ಚು ಗೋಜಲಿರುವುದು ಬೇರೆ ಕಡೆ.

ಅದಕ್ಕೆ ಮೊದಲು ಒಂದು ಮಾತು. ಬರಹಕ್ಕೂ ಓದಿಗೂ ನಡುವೆ ಒಬ್ಬ ತಿಳಿದವನು ನಿಲ್ಲಬೇಕಾದ ಸ್ಥಿತಿ ನಮಗೆ ಹೊಸದಲ್ಲ. ತಾಳೆಗರಿಯ ಪ್ರತಿಗಳಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ. ಎಕಾರ ಒಕಾರಗಳ ಹ್ರಸ್ವ ದೀರ್ಘಗಳಿಗೆ ಬಹಳ ಕಡೆ ಬೇರೆ ಬೇರೆ ಗುರುತಿಲ್ಲ. ವಾಚಿಸುವವರು ಪದ ಬಿಡಿಸಿಕೊಂಡು, ಛಂದಸ್ಸಿನ ಆಧಾರದಲ್ಲಿ ದೀರ್ಘವನ್ನು ತಾವೇ ತುಂಬಿಕೊಂಡು ಹಾಡುತ್ತಿದ್ದರು. ಗಮಕಿಯ ವಿದ್ಯೆಯೆಂದರೆ ಕಂಠವೊಂದೇ ಅಲ್ಲ, ಎಲ್ಲಿ ಒಡೆಯಬೇಕೆಂದು ತಿಳಿದಿರುವುದೂ ಹೌದು. ಲಿಪಿಕಾರರ ದೋಷಗಳನ್ನು ಗುರುತಿಸಿ ವರ್ಗೀಕರಿಸಿ ತಿದ್ದುವ ಶಾಸ್ತ್ರವೂ ನಮ್ಮಲ್ಲಿ ಬೆಳೆದಿದೆ; ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಪ್ರಕಟವಾಯಿತು. ಒಂದು ಅಕ್ಷರವನ್ನು ಹೋಲುವ ಇನ್ನೊಂದನ್ನು ಬರೆದುಬಿಡುವುದು, ಬಿಟ್ಟುಹೋಗುವುದು, ಎರಡು ಸಲ ಬರೆಯುವುದು ಮೊದಲಾದ ದೋಷಗಳು ಗರಿಯಲ್ಲಿ ಇದ್ದ ಹಾಗೆಯೇ ಗಣಕದಲ್ಲೂ ಇವೆ. ಓಲೆಯ ಕಂಠ ಹಿಡಿದವನು ಮಾಡಿದ್ದನ್ನು ಕೀಲಿಮಣೆ ಹಿಡಿದವನೂ ಮಾಡುತ್ತಾನೆ. ಹಾಗಾಗಿ ಯಂತ್ರಕ್ಕಾಗಿ ಪಠ್ಯ ಶುಚಿಗೊಳಿಸುವುದನ್ನು ಎಂಜಿನಿಯರರ ಕೆಲಸವೆಂದು ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ಅದು ಗ್ರಂಥಸಂಪಾದನೆ, ಈ ಸಲ ಕಿವಿಯ ಓದುಗರಿಗಾಗಿ.

ಈ ದೋಷಗಳು ಹುಟ್ಟಿದ ಬಗೆಯಲ್ಲಿ ಸ್ವಲ್ಪ ಇತಿಹಾಸವಿದೆ. ನುಡಿ ತಂತ್ರಾಂಶದಲ್ಲಿ ನಾವು ಬಳಸುವ ಕೀಲಿಮಣೆ ವಿನ್ಯಾಸಕ್ಕೆ ತಳಹದಿ ಹಾಕಿದವರು ಇದೇ ಕರಾವಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಅವರ ವಿನ್ಯಾಸ ಶುದ್ಧ ಶ್ರಾವಣ ಕ್ರಮದ್ದು: ರ ಒತ್ತಿ, ಹಲಂತ ಒತ್ತಿ, ವ ಒತ್ತಿದರೆ ರ್ವ. ಬಾಯಿ ಹೇಳಿದ ಹಾಗೆ ಬೆರಳು. ಕೀಲಿ ಹೀಗೆ ಸರಿಯಾಗಿದ್ದರೂ ಯುನಿಕೋಡ್ ಬರುವ ಮುಂಚಿನ ಫಾಂಟುಗಳು ಒಳಗೆ ಸಂಗ್ರಹಿಸುತ್ತಿದ್ದುದು ಅಕ್ಷರವನ್ನಲ್ಲ, ಅಕ್ಷರದ ತುಣುಕುಗಳ ಚಿತ್ರವನ್ನು. ತಲೆಕಟ್ಟು ಒಂದು ತುಣುಕು, ಕೊಂಬು ಒಂದು, ಒತ್ತು ಒಂದು. ಹಳೆಯ ಮೊಳೆಜೋಡಣೆಯ ಪೆಟ್ಟಿಗೆಯನ್ನೇ ಗಣಕದೊಳಗೆ ಇಟ್ಟಂತೆ. ಅರ್ಕಾವತ್ತಿನ ತುಣುಕು ವಕಾರದ ಬಲಕ್ಕೇ ಕೂರುತ್ತಿತ್ತು. ಪುಟ ವಿನ್ಯಾಸಕ್ಕೆ ಅದು ಸಾಕಾಗಿತ್ತು, ಪುಸ್ತಕಗಳು ಚೆನ್ನಾಗಿಯೇ ಅಚ್ಚಾದವು. ಆ ಕಡತಗಳು ಈಗಲೂ ಅಚ್ಚುಕೂಟಗಳ, ಕಚೇರಿಗಳ, ಪ್ರಕಾಶಕರ ಗಣಕಗಳಲ್ಲಿವೆ. ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಬಹಳಷ್ಟನ್ನು ಸರಿಯಾಗಿ ತಿರುಗಿಸುತ್ತವೆ, ಆದರೆ ಮೂಲದಲ್ಲಿಯೇ ಒಂಬತ್ತನ್ನು ಒತ್ತಿದ್ದರೆ ಒಂಬತ್ತನ್ನೇ ಕೊಡುತ್ತವೆ.

ಒಂಬತ್ತನ್ನು ಹಿಂದಕ್ಕೆ ತರುವ ಕೆಲಸ ನೋಡಲು ಸುಲಭ. ಅಕ್ಷರವೊಂದರ ಬೆನ್ನಿಗೆ ಕನ್ನಡದ ೯ ಅಂಟಿಕೊಂಡಿದ್ದರೆ ಅದನ್ನು ರ್ ಎಂದು ತಿಳಿಯಬೇಕು. ಎಲ್ಲಿ ಇಡಬೇಕು? ‘ಮಾಗ೯’ ಎಂಬಲ್ಲಿ ಗಕಾರದ ಹಿಂದೆ ಇಟ್ಟರೆ ಮಾರ್ಗ. ‘ಮೂತಿ೯’ ಎಂಬಲ್ಲಿ ಇಕಾರವನ್ನೂ ತಕಾರವನ್ನೂ ದಾಟಿ ಹಿಂದೆ ಹೋಗಬೇಕು. ‘ಪಾಶ್ವ೯’ದಲ್ಲಿ ಇಡೀ ಒತ್ತಕ್ಷರವನ್ನು ದಾಟಿದರೆ ಮಾತ್ರ ಪಾರ್ಶ್ವ ಬರುತ್ತದೆ. ಇಷ್ಟು ತಿಳಿದು ನಿಯಮ ಬರೆದರೂ ‘ಪುಟ೯’ ಎಂದು ತೆರಪಿಲ್ಲದೆ ಬರೆದ ಕಡೆ ಅದು ‘ಪುರ್ಟ’ ಎಂಬ ಹೊಸ ಪದವನ್ನು ಹುಟ್ಟಿಸುತ್ತದೆ. ಕಡೆಗೆ ಪದಪಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಗತಿಯಿಲ್ಲ.

ಸೊನ್ನೆಯ ಕತೆ ಇನ್ನೂ ಸ್ವಾರಸ್ಯದ್ದು. ಅನುಸ್ವಾರವನ್ನು ನಾವು ಕರೆಯುವುದೇ ಸೊನ್ನೆ ಎಂದು. ಹೆಸರು ಒಂದು, ಆಕಾರ ಒಂದು. ಟೈಪಿಸುವವರು ಅಂಕಿಯ ೦ ಒತ್ತಿದರೆ ಅವರನ್ನು ಬೈಯುವುದು ಹೇಗೆ? ‘ಕು೦ದಾಪುರ’ ಎಂದು ಅಂಕಿಯ ಸೊನ್ನೆಯಲ್ಲಿ ಬರೆದದ್ದು ಕಣ್ಣಿಗೆ ಕುಂದಾಪುರವೇ. ಹುಡುಕಾಟಕ್ಕೆ ಕೊಟ್ಟರೆ ಸಿಗುವುದಿಲ್ಲ, ಓದಿಸಿದರೆ ‘ಕು ಸೊನ್ನೆ ದಾಪುರ’. ವಿಸರ್ಗದ ಬದಲು ಬರುವ ವಿವರಣ ಚಿಹ್ನೆಯೂ ಹೀಗೆಯೇ. ‘ದು:ಖ’ ಎಂದಿದ್ದರೆ ಕಣ್ಣು ಮುಚ್ಚಿ ತಿದ್ದಬಹುದು. ಆದರೆ ‘ಪುನ:’ ಎಂಬಲ್ಲಿ ಇರುವ ಎರಡು ಚುಕ್ಕಿ ವಿಸರ್ಗ, ‘ಸ್ಥಳ:’ ಎಂಬಲ್ಲಿ ಇರುವುದು ನಿಜಕ್ಕೂ ವಿವರಣ ಚಿಹ್ನೆ. ಎರಡೂ ಪದದ ಕೊನೆಯಲ್ಲಿವೆ, ಎರಡರ ಮುಂದೆಯೂ ತೆರಪಿದೆ. ಪದ ಗೊತ್ತಿರುವವನು ಮಾತ್ರ ಬೇರ್ಪಡಿಸಬಲ್ಲ.

ಕಣ್ಣಿಗೆ ಕಾಣದ ದೋಷಗಳೂ ಇವೆ. ಓಕಾರದ ಗುಣಿತವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಒಕಾರದ ಗುಣಿತಕ್ಕೆ ದೀರ್ಘದ ಗುರುತು ಸೇರಿಸಿಯೂ ಬರೆಯಬಹುದು. ಯುನಿಕೋಡ್ ಎರಡನ್ನೂ ಸಮಾನವೆಂದು ಒಪ್ಪುತ್ತದೆ, ಆದರೆ ಕಡತವನ್ನು ಮೊದಲು ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ಯಂತ್ರಕ್ಕೆ ಅವು ಎರಡು ಬೇರೆ ಪದಗಳು. ರಾಜ್‌ಕುಮಾರ್ ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರ ಒತ್ತಾಗದಂತೆ ತಡೆಯುವ ಚಿಹ್ನೆಯೊಂದು ನಡುವೆ ಅಡಗಿದೆ. ರ‍್ಯಾಂಕ್ ಎಂಬಲ್ಲಿ ರಕಾರ ಅರ್ಕಾವತ್ತಾಗಿ ಓಡಿಹೋಗದಂತೆ ಹಿಡಿದಿರುವುದು ಇನ್ನೊಂದು. ಶುಚಿಗೊಳಿಸುವ ಉತ್ಸಾಹದಲ್ಲಿ ಕಾಣದ್ದನ್ನೆಲ್ಲ ಕಿತ್ತುಹಾಕುವವರೂ ಇದ್ದಾರೆ. ಮನೆ ಗುಡಿಸುವಾಗ ಬಾಗಿಲಿನ ಅಗುಳಿಯನ್ನೂ ಕಸವೆಂದು ಎಸೆಯಬಾರದು.

ಇನ್ನು ಅಂಕಿಗಳು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಕನ್ನಡದ ಸ್ವಭಾವ ಅತ್ಯಂತ ಸ್ಪಷ್ಟವಾಗಿ ಕಾಣಿಸುವುದು ಇಲ್ಲಿಯೇ.

ಕಾರ್ಕಳದ ಬಾಹುಬಲಿ ಪ್ರತಿಷ್ಠೆಯಾದದ್ದು 1432ರಲ್ಲಿ, ಎತ್ತರ 42 ಅಡಿ. ಈ ವಾಕ್ಯದ ಮೊದಲ ಅಂಕಿಯನ್ನು ಓದುವಾಗ ‘ಸಾವಿರದ ನಾನೂರ ಮೂವತ್ತೆರಡರಲ್ಲಿ’ ಎನ್ನುತ್ತೇವೆ. ಸಾವಿರ ಎಂಬುದು ‘ಸಾವಿರದ’ ಆಯಿತು, ನಾನೂರು ‘ನಾನೂರ’ ಆಯಿತು, ಎರಡಕ್ಕೆ ವಿಭಕ್ತಿ ಸೇರಿ ‘ಎರಡರಲ್ಲಿ’ ಆಯಿತು. ನಾಲ್ಕು ನೂರು ನಾನೂರಾಗುವುದನ್ನೂ, ಒಂಬತ್ತು ನೂರು ಒಂಬೈನೂರಾಗುವುದನ್ನೂ ಪ್ರತ್ಯೇಕವಾಗಿ ಕಲಿಸಬೇಕು. ವಿಭಕ್ತಿ ಪ್ರತ್ಯಯವನ್ನು ಅಂಕಿಗೆ ಅಂಟಿಸಿ ಬರೆಯುವ ಭಾಷೆಯಲ್ಲಿ ಅಂಕಿಯನ್ನು ಒಂಟಿಯಾಗಿ ಬಿಡಿಸಲಾಗುವುದಿಲ್ಲ. ‘10ನೇ’ ಎಂದರೆ ಹತ್ತನೇ, ‘25ಕ್ಕೆ’ ಎಂದರೆ ಇಪ್ಪತ್ತೈದಕ್ಕೆ. ‘8.30ಕ್ಕೆ’ ಎಂದಿದ್ದರೆ ಹೇಗೆ ಓದುತ್ತೀರಿ? ‘ಎಂಟು ಮೂವತ್ತಕ್ಕೆ’ ಎನ್ನಬಹುದು. ಮನೆಯಲ್ಲಿ ಮಾತಾಡುವಂತೆ ‘ಎಂಟೂವರೆಗೆ’ ಎಂದರೆ ಅಚ್ಚಿನಲ್ಲಿದ್ದ ಕ್ಕೆ ಬಾಯಲ್ಲಿ ಗೆ ಆಗುತ್ತದೆ. ಅಂಕಿಯನ್ನು ಪದ ಮಾಡಿದಾಗ ಪಕ್ಕದ ಪ್ರತ್ಯಯವೂ ಬದಲಾಗುತ್ತದೆಂಬ ಈ ಸೂಕ್ಷ್ಮವನ್ನು ಬೇರೆ ಭಾಷೆಗಾಗಿ ಬರೆದ ನಿಯಮಗಳಿಂದ ಪಡೆಯಲಾಗದು. ಅದೇ 8.30 ಚಿನ್ನದ ತೂಕವಾಗಿದ್ದರೆ ‘ಎಂಟು ದಶಾಂಶ ಮೂರು’. ಅಲ್ಲಿ ‘ಎಂಟೂವರೆ’ ಎಂದರೆ ಜಗಳವಾದೀತು.

ಜನರನ್ನು ಎಣಿಸುವಾಗ ಕನ್ನಡ ಅಂಕಿಯನ್ನೇ ಬದಲಿಸುತ್ತದೆ. ‘2 ವಿದ್ಯಾರ್ಥಿಗಳು’ ಎಂದು ಬರೆದದ್ದು ಬಾಯಲ್ಲಿ ಇಬ್ಬರು ವಿದ್ಯಾರ್ಥಿಗಳು. ‘2 ಬಸ್ಸು’ ಎಂದಾಗ ಎರಡೇ. ‘2 ಜನ’ ಎಂದರೆ ಇಬ್ಬರು ಎನ್ನುವವರಿದ್ದಾರೆ, ಎರಡು ಜನ ಎನ್ನುವವರೂ ಇದ್ದಾರೆ. ಪಿನ್‌ಕೋಡ್ 576101 ಎಂಬುದನ್ನು ಐದು ಲಕ್ಷದ ಎಪ್ಪತ್ತಾರು ಸಾವಿರದ ನೂರ ಒಂದು ಎಂದು ಓದಿದರೆ ಉಡುಪಿಯ ಅಂಚೆಯವರಿಗೂ ಅದು ತಮ್ಮದೆಂದು ಗೊತ್ತಾಗಲಿಕ್ಕಿಲ್ಲ. ಅದು ಬಿಡಿ ಅಂಕಿಗಳ ಸರ. ಕಾಪುವಿನ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಮಾತ್ರ ‘ಅರವತ್ತಾರು’, ‘ಆರು ಆರು’ ಅಲ್ಲ. ಕೆಎ 20 ಎಂಬ ನಮ್ಮ ವಾಹನಗಳ ಗುರುತಿನಲ್ಲಿ ಇಪ್ಪತ್ತು, ಅದರ ಮುಂದಿನ ನಾಲ್ಕು ಅಂಕಿಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ.

ಸಂಕ್ಷೇಪಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ‘ದಿ.’ ಎಂದರೆ ದಿನಾಂಕ, ‘ದಿ.’ ಎಂದರೆ ದಿವಂಗತ. ದತ್ತಿ ಉಪನ್ಯಾಸಗಳ ಆಮಂತ್ರಣಗಳಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ನಮ್ಮ ಕಡೆಯ ಯಾವ ಶಾಲೆಯ ಕರೆಯೋಲೆಯಲ್ಲಿಯೂ ಸಿಗಬಹುದಾದ ಸಾಲೊಂದನ್ನು ಕಲ್ಪಿಸಿಕೊಳ್ಳೋಣ:

‘ದಿ. 14-8-2019ರಂದು ಬೆ. 10.30ಕ್ಕೆ ಶಿವ೯ದ ಸ.ಹಿ.ಪ್ರಾ. ಶಾಲೆಯಲ್ಲಿ ದಿ. ಮಾಸ್ತರರ ಸ್ಮರಣಾರ್ಥ 2 ವಿದ್ಯಾರ್ಥಿಗಳಿಗೆ ತಲಾ ರೂ. 1,500/- ನೀಡಲಾಗುವುದು.’

ಕಣ್ಣಿಗೆ ಇದರಲ್ಲಿ ಕಷ್ಟವೇನೂ ಇಲ್ಲ. ಅಣಿಗೊಳಿಸದ ಯಂತ್ರ ‘ಬೆ.’ ಎಂಬಲ್ಲಿ ವಾಕ್ಯ ಮುಗಿಯಿತೆಂದು ಉಸಿರು ಬಿಡುತ್ತದೆ, ‘ಸ’ ‘ಹಿ’ ‘ಪ್ರಾ’ ಎಂಬ ಮೂರು ಅಕ್ಷರಗಳನ್ನು ಮಂತ್ರದಂತೆ ಉಚ್ಚರಿಸುತ್ತದೆ, ರೂಪಾಯಿಯ ಬಾಲದಲ್ಲಿರುವ ಗೆರೆಗಳನ್ನೂ ಹೆಸರು ಹಿಡಿದು ಓದಬಹುದು. ಸಿದ್ಧಪಡಿಸಿದ ಪಠ್ಯ ಹೀಗಿರಬೇಕು: ‘ಎರಡು ಸಾವಿರದ ಹತ್ತೊಂಬತ್ತರ ಆಗಸ್ಟ್ ಹದಿನಾಲ್ಕರಂದು ಬೆಳಿಗ್ಗೆ ಹತ್ತೂವರೆಗೆ ಶಿರ್ವದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ದಿವಂಗತ ಮಾಸ್ತರರ ಸ್ಮರಣಾರ್ಥ, ಇಬ್ಬರು ವಿದ್ಯಾರ್ಥಿಗಳಿಗೆ ತಲಾ ಒಂದು ಸಾವಿರದ ಐನೂರು ರೂಪಾಯಿ ನೀಡಲಾಗುವುದು.’ ಬರಹದಲ್ಲಿ ಮೊತ್ತದ ಮುಂದೆ ಇದ್ದ ರೂಪಾಯಿ ಮಾತಿನಲ್ಲಿ ಹಿಂದಕ್ಕೆ ಬಂದಿದೆ. ವರ್ಷ ಮುಂದಕ್ಕೆ ಬಂದಿದೆ. ಮೂಲದಲ್ಲಿ ಇಲ್ಲದ ಎರಡು ಅಲ್ಪವಿರಾಮಗಳು ಸೇರಿವೆ. ಇಷ್ಟನ್ನೂ ಮಾಡಿದವನು ಒಂದು ಪದದ ಅರ್ಥವನ್ನೂ ಬದಲಿಸಿಲ್ಲ.

ಈ ವಿದ್ಯೆ ನಮ್ಮಲ್ಲಿ ಮೊದಲೇ ಇತ್ತು. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ರೇಡಿಯೊ ಕೇಂದ್ರ ಆರಂಭಿಸಿದಂದಿನಿಂದ ಕಿವಿಗೆಂದೇ ಕನ್ನಡ ಬರೆಯುವ ಒಂದು ವರ್ಗ ಬೆಳೆಯಿತು. ವಾರ್ತೆಯ ಪ್ರತಿ ಸಿದ್ಧಪಡಿಸುವವರು ಅಂಕಿಯನ್ನು ಅಕ್ಷರದಲ್ಲಿ ಬರೆಯುವುದು, ಉಸಿರಿಗೆ ತಕ್ಕಂತೆ ವಾಕ್ಯ ಮುರಿಯುವುದು, ಪರಕೀಯ ಹೆಸರಿನ ಉಚ್ಚಾರವನ್ನು ಅಂಚಿನಲ್ಲಿ ಗುರುತಿಸುವುದು ಎಲ್ಲವನ್ನೂ ಅಭ್ಯಾಸದಿಂದ ಮಾಡುತ್ತಾರೆ. ಪತ್ರಿಕೆಗಳೂ ತಮಗರಿವಿಲ್ಲದೆ ಒಂದು ದಾರಿ ತೋರಿಸಿವೆ. ಪರೀಕ್ಷೆಯ ಹೆಸರನ್ನು ಬಿಡಿಬಿಡಿಯಾಗಿ ಬರೆಯದೆ ‘ಎಸ್ಸೆಸ್ಸೆಲ್ಸಿ’ ಎಂದು ಮೊದಲ ಬಾರಿಗೆ ಬರೆದ ಉಪಸಂಪಾದಕರು ಯಾರೋ, ಅವರಿಗೆ ಕಿವಿ ಇತ್ತು. ಅದನ್ನು ಯಂತ್ರ ಎಡವದೆ ಓದುತ್ತದೆ.

ಈವರೆಗೆ ಓದುವ ಯಂತ್ರದ ಮಾತಾಯಿತು. ಕೇಳಿ ಬರೆದುಕೊಳ್ಳುವ ಯಂತ್ರದ್ದು ಇದರ ಮಗ್ಗುಲು. ಅದನ್ನು ಕಲಿಸಲು ಜನರ ಮಾತಿನ ಧ್ವನಿಮುದ್ರಣ ಬೇಕು, ಆ ಮಾತಿನ ಲಿಖಿತ ರೂಪವೂ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಮದ್ರಾಸಿನ ಐಐಟಿಯಲ್ಲಿ, 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಭಾಷಿಣಿ ಯೋಜನೆಯಲ್ಲಿ ಭಾರತೀಯ ಭಾಷೆಗಳಿಗಾಗಿ ಇಂಥ ಕೆಲಸ ನಡೆಯುತ್ತಿದೆ. ಇಲ್ಲಿ ಶುಚಿತ್ವದ ನಿಯಮ ತಿರುವುಮುರುವು. ಓದುವ ಯಂತ್ರಕ್ಕೆ ಪಠ್ಯವನ್ನು ತಿದ್ದಿ ಕೊಡಬೇಕು. ಕೇಳುವ ಯಂತ್ರಕ್ಕೆ ತಿದ್ದದೆ ಕೊಡಬೇಕು. ಶಿರ್ವದ ಪೇಟೆಯಲ್ಲಿ ಒಬ್ಬರು ‘ಎಂತ ಮಾರಾಯ್ರೆ, ನಿನ್ನೆ ಕಾಣ್ಲೇ ಇಲ್ಲ’ ಎಂದಿದ್ದನ್ನು ಲಿಪಿಗಿಳಿಸುವವರು ‘ಏನು ಸ್ವಾಮಿ, ನಿನ್ನೆ ಕಾಣಲೇ ಇಲ್ಲ’ ಎಂದು ತಿದ್ದಿಟ್ಟರೆ ಯಂತ್ರ ‘ಎಂತ’ ಎಂಬ ಧ್ವನಿಗೆ ‘ಏನು’ ಎಂಬ ಅಕ್ಷರವನ್ನು ಕಲಿಯುತ್ತದೆ. ಮುಂದೆ ಕರಾವಳಿಯವರು ಬಾಯಿ ತೆರೆದಾಗಲೆಲ್ಲ ಅದು ತಡವರಿಸುವುದಕ್ಕೆ ಆ ತಿದ್ದುಪಡಿಯೇ ಕಾರಣ.

ಇಲ್ಲಿಂದ ನನ್ನ ಎಚ್ಚರಿಕೆಯ ಮಾತಿಗೆ ಬರುತ್ತೇನೆ. ಶುಚಿ ಎಂಬ ಪದ ನಮ್ಮ ಕಡೆ ಬಹುಬೇಗ ಮಡಿಯಾಗುತ್ತದೆ. ಧೂಳು ಒರೆಸುವುದು ಬೇರೆ, ಮುಟ್ಟಬೇಡ ಎನ್ನುವುದು ಬೇರೆ. ಕನ್ನಡ ಲಿಪಿಯಲ್ಲಿ ಬರೆದದ್ದೆಲ್ಲ ಕನ್ನಡ ಭಾಷೆಯಲ್ಲ ಎಂಬುದು ಶಿರ್ವದಂಥ ಊರಿನಲ್ಲಿ ವಿವರಿಸಬೇಕಾದ ವಿಷಯವಲ್ಲ. ಮನೆಯಲ್ಲಿ ತುಳು, ಇಗರ್ಜಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮೂರಕ್ಕೂ ಒಂದೇ ಲಿಪಿ. ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಲಿಪಿ ಜ್ಞಾನಿ’ ಎಂಬ ಅಚ್ಚಕ್ಷರ ಗುರುತಿಸುವ ತಂತ್ರಾಂಶ ಕನ್ನಡ ಲಿಪಿಯಲ್ಲಿ ಅಚ್ಚಾದ ಯಾವ ಭಾಷೆಯ ಪುಟವನ್ನಾದರೂ ಓದಬೇಕೆಂಬ ಉದ್ದೇಶದ್ದು. ಗುರುತಿಸುವುದಕ್ಕೆ ಅದು ಸರಿಯಾದ ನಿಲುವು. ಉಚ್ಚರಿಸುವಾಗ ಅಷ್ಟು ಸಾಲದು.

ಕೊಂಕಣಿಯಲ್ಲಿ ಉಪಕಾರ ಸ್ಮರಿಸುವ ‘ದೇವ್ ಬರೆಂ ಕರುಂ’ ಎಂಬ ಮಾತನ್ನು ತೆಗೆದುಕೊಳ್ಳಿ. ಕೊನೆಯ ಸೊನ್ನೆಗಳು ಮೂಗಿನಲ್ಲಿ ಹೊರಡುವ ಸ್ವರದ ಗುರುತು. ಕನ್ನಡದ ಯಂತ್ರ ‘ಬರೆಮ್ ಕರುಮ್’ ಎಂದು ತುಟಿ ಮುಚ್ಚುತ್ತದೆ. ಹಳಗನ್ನಡದ ‘ಮರಂ’ ಎಂಬಲ್ಲಿ ತುಟಿ ಮುಚ್ಚುವುದೇ ಸರಿ. ‘ಅಂಗ’, ‘ಅಂಟು’ಗಳಲ್ಲಿ ಅದೇ ಸೊನ್ನೆ ಮುಂದಿನ ಅಕ್ಷರಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ. ಸೊನ್ನೆಯನ್ನು ತಿದ್ದುವುದರಿಂದ ಇದು ಬಗೆಹರಿಯುವುದಿಲ್ಲ, ಇದು ಯಾವ ಭಾಷೆ ಎಂದು ಸಾಲಿನ ಪಕ್ಕ ಗುರುತಿಸುವುದರಿಂದ ಬಗೆಹರಿಯುತ್ತದೆ.

ತುಳುವಿನಲ್ಲಿ ಕಷ್ಟ ಇನ್ನೂ ಒಳಗಿನದು. ‘ಇಲ್ಲ್’ ಎಂದು ಬರೆದ ಮನೆ ಹಲಂತದಲ್ಲಿ ಮುಗಿದಂತೆ ಕಂಡರೂ ಬಾಯಲ್ಲಿ ಒಂದು ಅರೆ ಉಕಾರ ಉಳಿದಿರುತ್ತದೆ. ‘ಬಸ್’ ಎಂಬಲ್ಲಿ ಇರುವ ಹಲಂತ ನಿಜವಾದ ತುಂಡು, ‘ಇಲ್ಲ್’ ಎಂಬಲ್ಲಿ ಇರುವುದು ಒಂದು ಸ್ವರಕ್ಕೆ ಮಾಡಿಕೊಂಡ ಗುರುತು. ‘ಮಲ್ಪುವೆ’ ಎಂಬ ಪದವನ್ನು ನೋಡಿ. ‘ಯಾನ್ ಮಲ್ಪುವೆ’ ಎಂದರೆ ನಾನು ಮಾಡುತ್ತೇನೆ, ‘ಆಯೆ ಮಲ್ಪುವೆ’ ಎಂದರೆ ಅವನು ಮಾಡುತ್ತಾನೆ. ಬರಹದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಬಾಯಲ್ಲಿ ಮೊದಲನೆಯದರ ಕೊನೆಯ ಎಕಾರ ಅಗಲವಾಗಿ ತೆರೆದುಕೊಳ್ಳುತ್ತದೆ, ಎರಡನೆಯದು ಕನ್ನಡದ ಎಕಾರದಷ್ಟೇ. ಯಾರು ಮಾಡುತ್ತಾರೆ ಎಂಬುದೇ ಆ ಒಂದು ಸ್ವರದಲ್ಲಿದೆ. ಕನ್ನಡ ಲಿಪಿಯಲ್ಲಿ ಅದಕ್ಕೆ ಜಾಗವಿಲ್ಲ. ಇದನ್ನು ಕಂಡುಕೊಂಡವರು ನಮ್ಮ ನೆರೆಯಲ್ಲೇ ಇದ್ದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟುವಿನಲ್ಲಿ ಪ್ರಧಾನ ಸಂಪಾದಕ ಯು.ಪಿ. ಉಪಾಧ್ಯಾಯರು ಕನ್ನಡ ಲಿಪಿಯೊಂದನ್ನೇ ನೆಚ್ಚದೆ ರೋಮನ್ ಲಿಪಿಯಲ್ಲಿ ಉಚ್ಚಾರದ ಗುರುತುಗಳನ್ನೂ ಕೊಡಿಸಿದರು. ಧ್ವನಿಯಂತ್ರದ ಯೋಚನೆಯೂ ಇಲ್ಲದ ಕಾಲದಲ್ಲಿ ನಡೆದ ಆ ಕೆಲಸ ಇವತ್ತು ತುಳುವಿಗೆ ಧ್ವನಿ ಕೊಡಲು ಹೊರಡುವವರಿಗೆ ಸಿಗುವ ಅತ್ಯಂತ ಶುಚಿಯಾದ ಪಠ್ಯ. ಗೂಗಲ್ ಅನುವಾದದ ಪಟ್ಟಿಗೆ ತುಳು 2024ರಲ್ಲಿ ಸೇರಿತು. ಅದೇ ವರ್ಷ ಯುನಿಕೋಡಿನಲ್ಲಿ ತುಳು-ತಿಗಳಾರಿ ಲಿಪಿಗೂ ಸ್ಥಾನ ದೊರೆಯಿತು. ಸಂತೋಷವೇ. ಆದರೆ ದಿನಬಳಕೆಯ ತುಳು ಇನ್ನೂ ಬಹುಕಾಲ ಕನ್ನಡ ಲಿಪಿಯಲ್ಲೇ ಬರೆಯಲ್ಪಡುತ್ತದೆ. ‘ಮಲ್ಪುವೆ’ಯ ಪ್ರಶ್ನೆಯನ್ನು ಅಲ್ಲಿಯೇ ಬಿಡಿಸಬೇಕಾಗುತ್ತದೆ.

ಇಲ್ಲಿನ ಕಾಲೇಜುಗಳಿಗೆ, ಪ್ರಕಾಶಕರಿಗೆ ಮಾಡಬಹುದಾದ ಕೆಲಸ ದೊಡ್ಡ ಹಣದ್ದಲ್ಲ. ಅಚ್ಚಾದ ಪ್ರತಿ ಪುಸ್ತಕದ ಯುನಿಕೋಡ್ ಕಡತವನ್ನು ಮುದ್ರಣದ ಕಡತದ ಜೊತೆಗೇ ಕಾಪಿಡುವುದು. ತುಳು, ಕೊಂಕಣಿ, ಸಂಸ್ಕೃತದ ಸಾಲು ಬಂದಲ್ಲಿ ಭಾಷೆಯ ಗುರುತು ಹಾಕುವುದು. ಊರು, ಮನೆತನ, ದೈವಗಳ ಹೆಸರುಗಳಿಗೆ ಉಚ್ಚಾರದ ಪಟ್ಟಿಯೊಂದನ್ನು ತಾಲೂಕಿಗೊಂದರಂತೆ ಮಾಡಿಡುವುದು. ಕಾಪು, ಕಾರ್ಕಳದ ಹಳ್ಳಿಗಳ ಹೆಸರನ್ನು ಬೆಂಗಳೂರಿನಲ್ಲಿ ಕುಳಿತವರು ಊಹಿಸಲಾರರು. ಮತ್ತು ಕರಡು ತಿದ್ದುವ ಹಳೆಯ ಪದ್ಧತಿಯನ್ನು ಮರಳಿ ತರುವುದು: ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾ ಹೋಗುವುದು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಕೇಳುವುದು. ಈಗ ಮೊದಲನೆಯವರ ಜಾಗದಲ್ಲಿ ಮೊಬೈಲನ್ನೇ ಇಡಬಹುದು. ಕರಡಿನ ಕಡತವನ್ನು ಅದು ಓದಲಿ, ಮೂಲಪ್ರತಿ ಹಿಡಿದು ನಾವು ಕೇಳೋಣ. ಕಣ್ಣು ಹತ್ತು ಸಲ ದಾಟಿಹೋದ ಅಂಕಿಯ ಸೊನ್ನೆ ಕಿವಿಗೆ ಮೊದಲ ಸಲವೇ ಸಿಕ್ಕಿಬೀಳುತ್ತದೆ.

ಈ ಉಪನ್ಯಾಸ ಪುಸ್ತಿಕೆಯಾಗಿ ಅಚ್ಚಿಗೆ ಹೋಗುವಾಗ ಕರಡು ನೋಡುವವರಲ್ಲಿ ಒಂದು ಬಿನ್ನಹವಿದೆ. ಊರಿನ ಹೆಸರನ್ನು ಎರಡು ಕಡೆ ಒಂಬತ್ತು ಹಾಕಿ ತಪ್ಪಾಗಿಯೇ ಬರೆದಿದ್ದೇನೆ, ಒಮ್ಮೆ ಆರಂಭದಲ್ಲಿ, ಒಮ್ಮೆ ಕರೆಯೋಲೆಯ ಸಾಲಿನಲ್ಲಿ. ಆ ಎರಡನ್ನೂ ಉದಾಹರಣೆಗೆಂದು ಒಂಬತ್ತು ಹಾಕಿದ ಬೇರೆ ಪದಗಳನ್ನೂ ದಯವಿಟ್ಟು ತಿದ್ದಬಾರದು. ಉಳಿದ ಕಡೆ ಎಲ್ಲಿಯಾದರೂ ಒಂಬತ್ತು ನುಸುಳಿದ್ದರೆ ಅದು ನನ್ನ ಬೆರಳಿನದು. ಯಂತ್ರಕ್ಕೆ ಕೊಟ್ಟು ಒಮ್ಮೆ ಓದಿಸಿ ಹಿಡಿದುಕೊಡಬೇಕು.